ಪ್ರದರ್ಶನದ ಕಡಸುಗಳಿಗೆ ಅಡೆತಡೆಯ ಹಾದಿ

ಅಮೆರಿಕದ ಕೌಂಟಿ ಮೇಳಗಳಲ್ಲಿ ಫೋರ್-ಎಚ್ ಮಕ್ಕಳು, ಎಂದರೆ 1914ರ ಸ್ಮಿತ್-ಲಿವರ್ ಕಾಯ್ದೆಯಿಂದ ನೆಲೆಗೊಂಡ ಕೃಷಿ ವಿಸ್ತರಣಾ ಸೇವೆಯ ಆಶ್ರಯದ ಯುವಜನ ಸಂಘಟನೆಯ ಸದಸ್ಯರು, ತಾವು ಸಾಕಿದ ಕಡಸುಗಳೊಂದಿಗೆ ಅಡೆತಡೆಯ ಹಾದಿ ದಾಟುವ ಸ್ಪರ್ಧೆಯನ್ನು ಏರ್ಪಡಿಸಬಯಸುವ ಸಂಘಟಕರು ಮೊದಲು ಕೈಬಿಡಬೇಕಾದದ್ದು ವೇಗದ ಲೆಕ್ಕವನ್ನು. ಗಡಿಯಾರ ಹಿಡಿದು ನಿಂತರೆ ಮಕ್ಕಳು ಹಗ್ಗ ಎಳೆಯತೊಡಗುತ್ತಾರೆ, ಎಳೆದಷ್ಟೂ ದನ ಕಾಲೂರಿ ನಿಲ್ಲುತ್ತದೆ. ಆದ್ದರಿಂದ ಅಂಕಗಳು ಶಾಂತ ನಡಿಗೆಗೆ, ಸಡಿಲವಾದ ಹಗ್ಗಕ್ಕೆ, ಹೇಳಿದಲ್ಲಿ ನಿಲ್ಲುವ ವಿಧೇಯತೆಗೆ ಸಲ್ಲಬೇಕು.

ದನದ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಸುತ್ತಲಿನದು ಬಹುಮಟ್ಟಿಗೆ ಕಂಡರೂ, ತಲೆ ತಗ್ಗಿಸದೆ ನೆಲದ ಆಳವನ್ನು ಅಳೆಯುವುದು ಅದಕ್ಕೆ ಕಷ್ಟ. ಬೇಲಿಯ ನೆರಳು ಅಡ್ಡಬಿದ್ದಲ್ಲಿ ಮೂತಿಯನ್ನು ನೆಲಕ್ಕೆ ತಂದು, ಮೂಸಿ, ಹಿಂಗಾಲಿಗೆ ಭಾರ ಹಾಕಿ ನಿಲ್ಲುವ ಕಡಸು ಅಲ್ಲಿ ಗುಂಡಿಯಿದೆಯೋ ಎಂದು ಪರೀಕ್ಷಿಸುತ್ತಿರುತ್ತದೆ. ಅದನ್ನು ಮೊಂಡುತನವೆಂದು ಬಗೆದು ಅಂಕ ಕಳೆಯುವುದು ಅನ್ಯಾಯ. ನೆರಳಿನಂಥ ಸಣ್ಣ ಸಂಗತಿಗಳೇ ದನಗಳನ್ನು ತಡೆಯುತ್ತವೆಂಬುದನ್ನು ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ವಿವರವಾಗಿ ತೋರಿಸಿಕೊಟ್ಟಿದ್ದಾರೆ.

ಹೀಗಿರುವಾಗ ಶಂಕುಗಳ ನಡುವಿನ ಅಂಕುಡೊಂಕು ದಾರಿ, ನೆಲದ ಮೇಲಿಟ್ಟ ಮರದ ಕಂಬಗಳು, ಜಾರದಂತೆ ರಬ್ಬರ್ ಹಾಸು ಹೊದಿಸಿದ ತಗ್ಗಾದ ಹಲಗೆಸೇತುವೆ ಇಷ್ಟೇ ಸಾಕು. ಜಿಗಿತ, ಬಲೂನು, ಗಾಳಿಗೆ ಹಾರಾಡುವ ಪ್ಲಾಸ್ಟಿಕ್ ಪಟ್ಟಿ ಬೇಡವೇ ಬೇಡ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಯುವುದನ್ನು ಪ್ರತಿ ಮಗುವಿಗೂ ಕಲಿಸಿರಬೇಕು, ಏಕೆಂದರೆ ದನ ಬೆದರಿ ಓಡಿದರೆ ಸುತ್ತಿದ ಹಗ್ಗ ಮಗುವನ್ನೂ ಎಳೆದೊಯ್ಯುತ್ತದೆ. ಗಟ್ಟಿ ಬೇಲಿಯ ಕಣದಲ್ಲಿ, ಬಿಸಿಲೇರುವ ಮುನ್ನ, ಒಮ್ಮೆಗೆ ಒಂದೇ ದನವನ್ನು ಬಿಡಬೇಕು. ಸ್ಪರ್ಧೆಗೆ ಮೊದಲು ಹಾದಿಯನ್ನು ಮೂಸಿ ನೋಡಲು ಅದಕ್ಕೆ ಕೊಡಬೇಕಾದ ಬಿಡುವನ್ನು ಸಮಯದ ಅಭಾವದ ನೆಪದಲ್ಲಿ ಮೊಟಕುಗೊಳಿಸಬಾರದು.