ಟ್ರೈನಿಂಗ್ ಮುಗಿಯಿತು, ಇನ್ನು ಕೆಲಸಕ್ಕೆ ಇಳಿಸಿ: ಆರು ಸೂತ್ರಗಳು

ಎಕ್ಸೆಲ್ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ಸೀಟಿಗೆ ಮರಳಿದ್ದೀರಿ. ಸೋಮವಾರ ಬಂದರೆ ಮತ್ತೆ ಅದೇ ಹಳೇ ರಿಜಿಸ್ಟರ್! ‘ನನ್ನ ತಲೆಗೆ ಹತ್ತಲಿಲ್ಲ’ ಎಂದುಕೊಳ್ಳುವ ಅಭ್ಯಾಸವನ್ನು ಇವತ್ತೇ ಬಿಡಿ. 1988ರಲ್ಲಿ ಬಾಲ್ಡ್ವಿನ್ ಮತ್ತು ಫೋರ್ಡ್ ಎಂಬ ಅಮೆರಿಕನ್ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಕಲಿತದ್ದು ಬಳಕೆಗೆ ಬರಬೇಕಾದರೆ ಮೂರು ಸಂಗತಿ ಕೂಡಿಬರಬೇಕು ಎಂದರು: ಕಲಿಯುವವರು, ಕಲಿಸುವ ರೀತಿ, ಕೆಲಸದ ವಾತಾವರಣ. ಹೆಚ್ಚಿನವರು ಕೈಹಾಕದೇ ಬಿಡುವುದು ಈ ಮೂರನೆಯದಕ್ಕೆ. ನೀವು ಹಾಕಿ.

1. ಮುಂದಿನ ಟ್ರೈನಿಂಗಿಗೆ ಹೋಗುವ ಮೊದಲೇ ಬಾಸ್ ಜತೆ ಕೂತು ಮಾತಾಡಿ.
‘ಇದನ್ನು ಕಲಿತು ಬಂದ ಮೇಲೆ ಯಾವ ಕೆಲಸ ಕೊಡುತ್ತೀರಿ ಸರ್?’ ಎಂದು ನೇರ ಕೇಳಿ. ಉತ್ತರ ಸಿಕ್ಕರೆ ಕ್ಲಾಸಿನಲ್ಲಿ ಏನನ್ನು ಗಮನಿಸಬೇಕು ಎಂಬುದು ಆಗಲೇ ಗೊತ್ತಾಗುತ್ತದೆ.

2. ಅವಕಾಶವನ್ನು ಕೇಳಿ ಪಡೆಯಿರಿ.
ಅಮೆರಿಕದ ವಾಯುಪಡೆಯ ತಂತ್ರಜ್ಞರ ಬಗ್ಗೆ 1992ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ತರಬೇತಿ ಪಡೆದವರಿಗೂ ನಾಲ್ಕು ತಿಂಗಳ ನಂತರ ಸಿಕ್ಕ ಕೆಲಸದ ಅವಕಾಶ ಒಂದೇ ಆಗಿರಲಿಲ್ಲ. ಮೇಲಧಿಕಾರಿಗೆ ಅವರ ಬಗ್ಗೆ ಇದ್ದ ಅಭಿಪ್ರಾಯ, ತಂಡದ ಬೆಂಬಲ, ಅವರ ಆತ್ಮವಿಶ್ವಾಸ ಇವೆಲ್ಲಕ್ಕೂ ಅದರ ಜತೆ ನಂಟಿತ್ತು. ಹಾಗಾಗಿ ಸುಮ್ಮನೆ ಕಾಯಬೇಡಿ. ಒಂದು ಚಿಕ್ಕ ರಿಪೋರ್ಟನ್ನು ಹೊಸ ವಿಧಾನದಲ್ಲಿ ಮಾಡಿ ತೋರಿಸಿ, ಆಮೇಲೆ ದೊಡ್ಡದನ್ನು ಕೇಳಿ. ನಿಮ್ಮಿಂದಾಗುತ್ತದೆ ಎಂದು ಬಾಸ್‌ಗೆ ಗೊತ್ತಾಗಬೇಕಲ್ಲ!

3. ಮೊದಲ ವಾರದಲ್ಲೇ ಶುರು ಮಾಡಿ.
ಬಳಸದ ವಿದ್ಯೆ ಬೇಗ ಮರೆತುಹೋಗುತ್ತದೆ.

4. ಅನ್ಯಾಯ ಕಂಡರೆ ಗೊಣಗಬೇಡಿ, ಪ್ರಶ್ನೆ ಕೇಳಿ.
ಇದು ಎಲ್ಲಕ್ಕಿಂತ ಮುಖ್ಯ. ಟ್ರೈನಿಂಗಿಗೆ ಪ್ರತಿಸಲ ಬಾಸ್‌ಗೆ ಬೇಕಾದವರೇ ಹೋದರೆ, ಕಲಿತು ದುಡಿದವರನ್ನು ಬಿಟ್ಟು ಬೇರೆಯವರಿಗೆ ಪ್ರಮೋಷನ್ ಸಿಕ್ಕರೆ, ಹೊಸದನ್ನು ಬಳಸುವ ಉಮೇದು ಯಾರಿಗೆ ತಾನೇ ಉಳಿದೀತು? ಸಂಶೋಧಕ ಜೇಸನ್ ಕಾಲ್ಕ್ವಿಟ್ 2001ರಲ್ಲಿ ಸಂಸ್ಥೆಯೊಳಗಿನ ನ್ಯಾಯವನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ಯಾರಿಗೆ ಎಷ್ಟು ಸಿಕ್ಕಿತು, ಯಾವ ನಿಯಮದಿಂದ ತೀರ್ಮಾನವಾಯಿತು, ನಮ್ಮನ್ನು ಎಷ್ಟು ಗೌರವದಿಂದ ನಡೆಸಿಕೊಂಡರು, ಕಾರಣವನ್ನು ಪ್ರಾಮಾಣಿಕವಾಗಿ ತಿಳಿಸಿದರೇ. ನಿಮ್ಮ ಅಸಮಾಧಾನ ಈ ನಾಲ್ಕರಲ್ಲಿ ಯಾವುದರ ಬಗ್ಗೆ ಎಂದು ಮೊದಲು ಗುರುತಿಸಿ. ‘ನನಗೆ ಮೋಸವಾಗಿದೆ’ ಎಂದರೆ ಎಚ್‌ಆರ್ ಸಮಾಧಾನ ಹೇಳಿ ಕಳಿಸುತ್ತಾರೆ. ‘ಆಯ್ಕೆಯ ಮಾನದಂಡ ಏನು? ಲಿಖಿತವಾಗಿ ತಿಳಿಸಿ’ ಎಂದು ಮೇಲ್ ಹಾಕಿದರೆ ಜಾರಿಕೊಳ್ಳುವುದು ಅಷ್ಟು ಸುಲಭವಲ್ಲ. ಮರ್ಯಾದೆಯಿಂದ ಕೇಳಿ, ಆದರೆ ಕೇಳಿಯೇ ಕೇಳಿ. ಟೀಮ್ ಲೀಡರ್ ಆಗಿರುವವರಿಗೂ ಒಂದು ಮಾತು: ಕಾರಣ ಹೇಳಿ ತೀರ್ಮಾನ ಮಾಡಿ. ಅದಕ್ಕೆ ಬಜೆಟ್ ಬೇಕಿಲ್ಲ.

5. ಜತೆಗಾರರನ್ನು ಕಟ್ಟಿಕೊಳ್ಳಿ.
1993ರಲ್ಲಿ ಸಂಶೋಧಕರಾದ ರೂಲರ್ ಮತ್ತು ಗೋಲ್ಡ್‌ಸ್ಟೈನ್ ಒಂದು ಫಾಸ್ಟ್‌ಫುಡ್ ಸರಣಿಯ ಮ್ಯಾನೇಜರ್ ಟ್ರೈನಿಗಳನ್ನು ಗಮನಿಸಿದರು. ಪೂರಕ ವಾತಾವರಣವಿದ್ದ ಅಂಗಡಿಗೆ ಹೋದವರು ಕಲಿತದ್ದನ್ನು ಹೆಚ್ಚು ಬಳಸಿದರು. ನಿಮ್ಮ ವಿಭಾಗದಲ್ಲಿ ಅಂಥ ವಾತಾವರಣ ಇಲ್ಲವೇ? ಜತೆಗೆ ಕಲಿತ ಒಬ್ಬರನ್ನು ಹಿಡಿಯಿರಿ. ವಾರಕ್ಕೊಮ್ಮೆ ಚಹಾ ಹೊತ್ತಿನಲ್ಲಿ ‘ಏನು ಬಳಸಿದಿರಿ, ಎಲ್ಲಿ ಸಿಕ್ಕಿಕೊಂಡಿರಿ’ ಎಂದು ಪರಸ್ಪರ ಕೇಳಿಕೊಳ್ಳಿ. ಇಬ್ಬರಿದ್ದರೆ ಹಳೇ ರೂಢಿಗೆ ಜಾರುವುದು ಕಷ್ಟ.

6. ಲೆಕ್ಕ ಇಡಿ.
ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದಲೇ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಲು ಹೇಳಿದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಬಂತೇ. ಫೀಡ್‌ಬ್ಯಾಕ್ ಫಾರ್ಮ್ ಮೊದಲನೆಯದಕ್ಕೇ ನಿಂತುಬಿಡುತ್ತದೆ. ಮೂರನೆಯ ಮತ್ತು ನಾಲ್ಕನೆಯ ಹಂತವನ್ನು ನೀವೇ ಬರೆದಿಡಿ: ಯಾವ ದಿನ ಏನು ಬಳಸಿದಿರಿ, ಎಷ್ಟು ಸಮಯ ಉಳಿಯಿತು, ಯಾವ ತಪ್ಪು ಕಡಿಮೆಯಾಯಿತು. ಅಪ್ರೈಸಲ್ ದಿನ ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡಿ.