ಚರ್ಮಕ್ಕೆ ಹುಕ್‌ನ ನಿಯಮ ಸಾಲದು

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಲೋಹದ ತಂತಿಯ ಸ್ಟ್ರೆಸ್–ಸ್ಟ್ರೇನ್ ನಕ್ಷೆಯ ನಂತರ ಇನ್ನೊಂದು ಸಣ್ಣ ನಕ್ಷೆ ಇದೆ. ಅದು ಹೃದಯದಿಂದ ಹೊರಡುವ ಮಹಾಪಧಮನಿಯ ಅಂಗಾಂಶದ್ದು. ಪರೀಕ್ಷೆಗೆ ತಂತಿಯ ನಕ್ಷೆ ಸಾಕು ಎಂದು ನಾನು ಅದನ್ನು ಬಿಟ್ಟಿದ್ದೆ. ನನ್ನ ನಾನಿ ಬಿದ್ದು, ಮೂಳೆ ಮುರಿದು ಹಾಸಿಗೆ ಹಿಡಿದಾಗ ಆ ಪುಟವನ್ನು ಮತ್ತೆ ತೆರೆದೆ.

ತಂತಿಗೆ ಭಾರ ಕಟ್ಟಿದರೆ, ಒಂದು ಮಿತಿಯವರೆಗೆ ಸ್ಟ್ರೆಸ್ ಮತ್ತು ಸ್ಟ್ರೇನ್ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ನಕ್ಷೆ ನೇರ ಗೆರೆ. ಇದೇ ಹುಕ್‌ನ ನಿಯಮ. ಚರ್ಮ ಹಾಗಲ್ಲ. ಮುಂಗೈ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ನೋಡಿ. ಮೊದಲು ಸುಲಭವಾಗಿ ಬರುತ್ತದೆ, ಆಮೇಲೆ ಒಮ್ಮೆಲೇ ಬಿಗಿಯಾಗುತ್ತದೆ. ಚರ್ಮದೊಳಗಿನ ಕೊಲಾಜೆನ್ ಎಳೆಗಳು ಮೊದಲು ಅಂಕುಡೊಂಕಾಗಿ ಸಡಿಲವಾಗಿರುತ್ತವೆ. ಆಗ ಎಳೆತವನ್ನು ತಾಳುವುದು ಹೆಚ್ಚಾಗಿ ಎಲಾಸ್ಟಿನ್. ಕೊಲಾಜೆನ್ ನೇರವಾದ ಕೂಡಲೇ ಚರ್ಮ ಗಟ್ಟಿಯಾಗುತ್ತದೆ. ಹಾಗಾಗಿ ನಕ್ಷೆ ಮೇಲಕ್ಕೆ ಬಾಗುತ್ತದೆ.

ಎರಡನೆಯ ವ್ಯತ್ಯಾಸ ಕಾಲದ್ದು. ಸಂಜೆ ಕಾಲುಚೀಲ ತೆಗೆದ ಮೇಲೂ ಎಲಾಸ್ಟಿಕ್‌ನ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆಯಲ್ಲವೇ? ಚರ್ಮದಲ್ಲಿ ಎಳೆಗಳ ಜೊತೆ ನೀರಿನಂಶವೂ ಇದೆ. ಒತ್ತಡ ಮುಂದುವರಿದಂತೆ ಆ ನೀರು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಭಾರ ಅಷ್ಟೇ ಇದ್ದರೂ ತಗ್ಗು ಆಳವಾಗುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಈ ಗುಣವಿರುವ ವಸ್ತುವನ್ನು ವಿಸ್ಕೋಎಲಾಸ್ಟಿಕ್ ಎಂದು ಕರೆಯುತ್ತಾರೆ. ಚರ್ಮದ ವಿಷಯದಲ್ಲಿ ಎಷ್ಟು ಭಾರ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂದೂ ಕೇಳಬೇಕು.

ಇದನ್ನು ನಾನು ತಡವಾಗಿ ಕಲಿತೆ. ನಾನಿ ನಿದ್ದೆ ಮಾಡುತ್ತಿದ್ದಾರೆ, ಎಬ್ಬಿಸುವುದು ಬೇಡ ಎಂದು ಒಂದು ರಾತ್ರಿ ಅವರನ್ನು ಮಗ್ಗುಲು ಬದಲಿಸದೆ ಬಿಟ್ಟೆ. ಬೆಳಿಗ್ಗೆ ಬೆನ್ನಿನ ಕೆಳಭಾಗದಲ್ಲಿ ಕೆಂಪು ಕಲೆ ಕಂಡಿತು. ಡ್ರೆಸ್ಸಿಂಗ್‌ಗೆ ಬರುತ್ತಿದ್ದ ನರ್ಸ್ ಅದನ್ನು ಬೆರಳಿನಿಂದ ಒತ್ತಿ ಬಿಟ್ಟರು. ಕಲೆ ಬಿಳಿಯಾಗಲಿಲ್ಲ. "ಇದು ಹಾಸಿಗೆ ಹುಣ್ಣಿನ ಮೊದಲ ಹಂತ. ತಿಕ್ಕಬೇಡಿ, ಆ ಜಾಗದ ಮೇಲೆ ಮಲಗಿಸಬೇಡಿ" ಎಂದರು.

ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ಇಲ್ಲೆಲ್ಲ ಮೂಳೆ ಚರ್ಮಕ್ಕೆ ಹತ್ತಿರ, ಭಾರ ಹೊರುವ ಜಾಗ ಚಿಕ್ಕದು. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡು ಅಂಗಾಂಶಕ್ಕೆ ಆಮ್ಲಜನಕ ಸಿಗುವುದಿಲ್ಲ. ತಲೆಯ ಕಡೆ ಹಾಸಿಗೆಯನ್ನು ಬಹಳ ಎತ್ತರಿಸಿದರೆ ಇನ್ನೊಂದು ತೊಂದರೆ. ದೇಹ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಬೆಡ್‌ಶೀಟಿಗೆ ಅಂಟಿ ನಿಲ್ಲುತ್ತದೆ. ಪಾಠದಲ್ಲಿ ಓದಿದ ಶಿಯರ್ ಸ್ಟ್ರೆಸ್ ಇದೇ.

ಆ ದಿನದಿಂದ ರಾತ್ರಿಯನ್ನು ಹಂಚಿಕೊಂಡೆವು. ಇಶಾ ನಂತರ ಅಮ್ಮಿ, ಮಧ್ಯರಾತ್ರಿ ಅಬ್ಬಾ, ಫಜ್ರ್‌ಗೆ ಮುಂಚೆ ನಾನು. ನರ್ಸ್ ಹೇಳಿದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ಎಳೆಯುವ ಬದಲು ಇಬ್ಬರು ಸೇರಿ ಎತ್ತಿ ಸರಿಸಿದೆವು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಂಡೆವು. ಅಲ್‌ಹಮ್ದುಲಿಲ್ಲಾಹ್, ಕಲೆ ಹುಣ್ಣಾಗದೆ ಮಾಯವಾಯಿತು.

ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರಿದ್ದರೆ ದಿನಕ್ಕೊಮ್ಮೆ ಈ ಜಾಗಗಳನ್ನು ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು. ಮುಟ್ಟಿದಾಗ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದೂ ಗಮನಿಸಿ, ಸಂಶಯವಿದ್ದರೆ ವೈದ್ಯರಿಗೆ ತೋರಿಸಿ. ಎಬ್ಬಿಸದೆ ಬಿಡುವುದೇ ಪ್ರೀತಿ ಎಂದು ನಾನು ತಿಳಿದಿದ್ದೆ. ಆ ಸಣ್ಣ ನಕ್ಷೆಯನ್ನು ಮೊದಲೇ ಓದಿದ್ದರೆ ಆ ರಾತ್ರಿ ಎಬ್ಬಿಸುತ್ತಿದ್ದೆ.