ಸ್ವಿಚ್ ಬದಲಿಸುವುದು ಬೇರೆ, ಸ್ವಿಚ್‌ನ ಜಾಗ ಬದಲಿಸುವುದು ಬೇರೆ

ಪುಟ್ಟಿ, ಆರ್.ಟಿ. ನಗರದಲ್ಲಿ ಹಳೇ ಮನೆ ಕೊಂಡಿದ್ದು ಸಂತೋಷ. ರೂಮಿನ ಬಾಗಿಲು ತೆಗೆದರೆ ಸ್ವಿಚ್‌ಬೋರ್ಡ್ ಅದರ ಹಿಂದೆ ಅಡಗಿಹೋಗುತ್ತೆ, ಈಚೆ ಕಡೆಗೆ ತರಬೇಕು ಅಂದೆಯಲ್ಲ. ತರಿಸು. ಆದರೆ ಅಳಿಯಂದಿರು ಡ್ರಿಲ್ ಮೆಷಿನ್ ಎತ್ತಿಕೊಳ್ಳುವ ಮುಂಚೆ ಇಬ್ಬರೂ ಕೂತು ಇದನ್ನು ಓದಿ.

• ಕೆಟ್ಟ ಸ್ವಿಚ್ ತೆಗೆದು ಅದೇ ಜಾಗಕ್ಕೆ ಅಂಥದ್ದೇ ಹೊಸದು ಹಾಕಿಕೊಳ್ಳೋಕೆ ಕಾನೂನು ಅಡ್ಡಬರಲ್ಲ. ವೈರ್ ಎಳೆದು ಜಾಗ ಬದಲಿಸಿದರೆ ಅದು ವೈರಿಂಗ್‌ನ ಮಾರ್ಪಾಡು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಆ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದ್ದು. ಲೈಸೆನ್ಸ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಜಾಗ ಆರಿಸುವುದು, ಸಾಮಾನು ತರುವುದು, ಪಕ್ಕದಲ್ಲಿ ನಿಂತು ನೋಡುವುದು ನಿಮ್ಮ ಪಾಲಿನ ಕೆಲಸ, ಅದೇ ಸಾಕಷ್ಟಿದೆ.

• ಮೇನ್ ಆಫ್ ಮಾಡಿದ ಕೂಡಲೇ ಮನೆಯಲ್ಲಿ ಕರೆಂಟ್ ಇಲ್ಲ ಅಂದುಕೊಳ್ಳಬೇಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದೇ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಯುಪಿಎಸ್ ಇದ್ದೇ ಇರುತ್ತೆ. ಬೆಸ್ಕಾಂ ಕರೆಂಟ್ ಹೋದ ಕೂಡಲೇ ಅದು ಲೈಟ್ ಪಾಯಿಂಟ್‌ಗಳಿಗೆ 230 ವೋಲ್ಟ್ ಕೊಡೋಕೆ ಶುರುಮಾಡುತ್ತೆ, ನೀನು ಜಾಗ ಬದಲಿಸಬೇಕು ಅಂದಿರುವುದೂ ಲೈಟ್ ಸ್ವಿಚ್ಚನ್ನೇ. ಆದ್ದರಿಂದ ಯುಪಿಎಸ್ಸನ್ನೂ ಆಫ್ ಮಾಡಿ, ಅದರಿಂದ ಮನೆಯ ವೈರಿಂಗ್‌ಗೆ ಹೋಗುವ ಲೈನ್ ಬಿಡಿಸಿಟ್ಟಿರಬೇಕು. ಇನ್ನೊಂದು ವಿಷಯ: ನಿಮ್ಮದು ಮೂರು ಮಹಡಿ, ಮೂರು ಮೀಟರ್. ಮೇಲಿನವರ ಲೈನೋ ಮೆಟ್ಟಿಲಿನ ಲೈಟಿನ ವೈರೋ ನಿಮ್ಮ ಗೋಡೆಯೊಳಗೇ ಹಾದುಹೋಗಿರಬಹುದು. ನಿಮ್ಮ ಮೇನ್‌ಗೂ ಅದಕ್ಕೂ ಸಂಬಂಧವೇ ಇರಲ್ಲ.

• ಹಾಗಾಗಿ ಪರೀಕ್ಷೆ ಮೂರು ಸಲ. ಮೊದಲು ಕರೆಂಟ್ ಇರುವ ಪಾಯಿಂಟ್‌ಗೆ ಟೆಸ್ಟರ್ ಇಟ್ಟು ಅದು ಉರಿಯುತ್ತಾ ನೋಡಬೇಕು, ಆಮೇಲೆ ಕೆಲಸ ಮಾಡುವ ವೈರ್‌ಗೆ, ಮತ್ತೆ ಕರೆಂಟ್ ಇರುವ ಪಾಯಿಂಟ್‌ಗೆ. ಟೆಸ್ಟರೇ ಕೆಟ್ಟಿದ್ದರೆ ಸತ್ತ ವೈರ್ ಯಾವುದು, ಜೀವ ಇರುವ ವೈರ್ ಯಾವುದು ಅಂತ ಹೇಗೆ ಗೊತ್ತಾಗಬೇಕು? ಮಲ್ಟಿಮೀಟರ್ ತಂದಿರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರ ನಂಬರ್ ನನಗೂ ಕೊಡು.

• ಮೇನ್ ಬೋರ್ಡಿನ ಮೇಲೆ ‘ಕೆಲಸ ನಡೀತಿದೆ, ಆನ್ ಮಾಡಬೇಡಿ’ ಅಂತ ಚೀಟಿ ಅಂಟಿಸಿ. ನಿಮ್ಮ ಅತ್ತೆಯವರಿಗೆ ಸೀರಿಯಲ್ ಹೊತ್ತು ತಪ್ಪಬಾರದು, ಗೊತ್ತಲ್ಲ.

• ಸ್ವಿಚ್ ಯಾವಾಗಲೂ ಫೇಸ್ ವೈರ್ ಮೇಲೇ ಇರಬೇಕು. ನ್ಯೂಟ್ರಲ್ ಮೇಲೆ ಹಾಕಿದರೂ ಬಲ್ಬ್ ಆರುತ್ತೆ, ಆದರೆ ಹೋಲ್ಡರ್‌ನಲ್ಲಿ ಕರೆಂಟ್ ಉಳಿದೇ ಇರುತ್ತೆ. ಸ್ವಿಚ್ ಆಫ್ ಇದೆ ಅಂತ ಬಲ್ಬ್ ಬದಲಿಸೋಕೆ ಕೈ ಹಾಕಿದವರಿಗೆ ಶಾಕ್. ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥಿಂಗ್‌ಗೆ. ಇದು ಪದ್ಧತಿ. ಹಳೇ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣದ ವೈರ್ ಎಳೆದಿರುತ್ತಾರೆ, ಬಣ್ಣ ನಂಬಿ ಮುಟ್ಟಬಾರದು.

• ವೈರ್ ಉದ್ದ ಸಾಲದಿದ್ದರೆ ಜಾಯಿಂಟ್ ಮಾಡಿ, ಟೇಪ್ ಸುತ್ತಿ, ಸಿಮೆಂಟ್ ಮೆತ್ತಿಬಿಡುವವರಿದ್ದಾರೆ. ಬಿಡಬೇಡ. ಸಡಿಲವಾದ ಜಾಯಿಂಟ್ ಬಿಸಿಯಾಗುತ್ತೆ, ಗೋಡೆಯೊಳಗೆ ಬಿಸಿಯಾದರೆ ಯಾರ ಕಣ್ಣಿಗೂ ಬೀಳಲ್ಲ. ಒಂದೋ ಜಂಕ್ಷನ್ ಬಾಕ್ಸ್‌ನಿಂದ ಹೊಸ ವೈರ್ ಎಳೆಯಲಿ, ಇಲ್ಲವೋ ಹಳೇ ಬಾಕ್ಸನ್ನೇ ಉಳಿಸಿಕೊಂಡು, ಅಲ್ಲಿ ಕನೆಕ್ಟರ್ ಹಾಕಿ, ಬಿಚ್ಚೋಕೆ ಬರುವಂಥ ಡಮ್ಮಿ ಪ್ಲೇಟ್ ಮುಚ್ಚಲಿ. ನೋಡೋಕೆ ಚೆನ್ನಾಗಿರಲ್ಲ ಅಂದರೆ ಕ್ಯಾಲೆಂಡರ್ ನೇತುಹಾಕು.

• ಲೈಟಿಗೆ 1.5 ಚದರ ಮಿ.ಮೀ. ತಾಮ್ರದ ವೈರ್, ಐಎಸ್‌ಐ ಗುರುತು ಇರುವುದು. ಗೀಸರ್, ಐರನ್ ಬಾಕ್ಸ್ ಈ ಲೈನಿಗೆ ಬೇಡ.

• ಪೈಪ್ ನೇರ ಕೆಳಗಿಳಿಯಬೇಕು ಅಥವಾ ನೇರ ಅಡ್ಡ ಹೋಗಬೇಕು. ಪೈಪ್ ಉಳಿಸೋಕೆ ಓರೆಯಾಗಿ ಕೊರೆದರೆ, ನಾಳೆ ಫೋಟೋಗೆ ಮೊಳೆ ಹೊಡೆಯುವವರಿಗೆ ವೈರ್ ಎಲ್ಲಿದೆ ಅಂತ ಊಹಿಸೋಕೂ ಆಗಲ್ಲ. ಸಿಮೆಂಟ್ ಮೆತ್ತುವ ಮೊದಲು ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಪಿಲ್ಲರ್, ಬೀಮ್ ಕೊರೆಯುವ ಮಾತೇ ಬೇಡ. ಹೆಬ್ಬಾಳ, ಯಲಹಂಕದ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎಷ್ಟೋ ಕಡೆ ಗೋಡೆಯೇ ಕಾಂಕ್ರೀಟು. ನಿನ್ನ ತಮ್ಮನಿಗೆ ಹೇಳು, ಅಂಥ ಕಡೆ ಗೋಡೆಯ ಮೇಲೇ ಕೇಸಿಂಗ್ ಹಾಕಿಸಬೇಕು.

• ಬಾತ್‌ರೂಮಿನ ಸ್ವಿಚ್ ಹೊರಗಿರಲಿ. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆ ಬೇಡ. ಪ್ಲಗ್ ಪಾಯಿಂಟನ್ನು ನೆಲದ ಹತ್ತಿರ ಇಳಿಸುವ ಷೋಕಿಯೂ ನನಗೆ ಹಿಡಿಸಲ್ಲ. 2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ನೀರು ನುಗ್ಗಿದ್ದನ್ನು ನೀನೂ ಟಿವಿಯಲ್ಲಿ ನೋಡಿರುತ್ತೀಯ.

• ಎಂಸಿಬಿ ಇದೆ, ಭಯವಿಲ್ಲ ಅನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಮನುಷ್ಯರಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಎಲೆಕ್ಟ್ರಿಷಿಯನ್ ಬಂದಿರುವಾಗಲೇ ಹಾಕಿಸಿಬಿಡು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡು. ಅರ್ಥಿಂಗ್ ಇದೆಯೋ ಇಲ್ಲವೋ ಅದನ್ನೂ ಅವತ್ತೇ ಪರೀಕ್ಷೆ ಮಾಡಿಸು, ಸ್ವಿಚ್‌ನ ಕಬ್ಬಿಣದ ಬಾಕ್ಸ್‌ಗೆ ಹಸಿರು ವೈರ್ ಕೊಟ್ಟಿರಲೇಬೇಕು.

• ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟುವ ಮೊದಲು ಮೇನ್ ಮತ್ತು ಯುಪಿಎಸ್ ಆಫ್. ಆಮೇಲೆ 108. ಮೀಟರ್ ಅಥವಾ ಕಂಬದ ತೊಂದರೆಯಾದರೆ ಬೆಸ್ಕಾಂನ 1912. ಅದಕ್ಕೆ ಎಲೆಕ್ಟ್ರಿಷಿಯನ್ನೂ ಕೈ ಹಾಕಬಾರದು.

• ಇಷ್ಟೆಲ್ಲ ಓದಿ ಬೇಸರವಾಯಿತಾ? ಹಾಗಾದರೆ ಬಡಗಿಯನ್ನು ಕರೆಸಿ ಬಾಗಿಲಿನ ಕೀಲು ಆ ಕಡೆಗೆ ಬದಲಿಸಬಹುದಾ ಕೇಳು. ಗೋಡೆ ಮುಟ್ಟದೆ ಸ್ವಿಚ್ ಕೈಗೆ ಸಿಕ್ಕಿತು.